ಸ್ಪ್ರುಂಕಿ: ಬ್ರೌಸರಿನಲ್ಲೇ ಸಂಗೀತ ಜೋಡಿಸುವ ಆಟವನ್ನು ಆರಂಭಿಸುವ ಬಗೆ

ಸ್ಪ್ರುಂಕಿ ಆಟವನ್ನು ತೆರೆದರೆ ಪರದೆಯ ಮೇಲೆ 7 ಬೂದು ಬಣ್ಣದ ಗೊಂಬೆಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಕೆಳಗೆ 20 ಚಿಕ್ಕ ಚಿಹ್ನೆಗಳಿರುತ್ತವೆ. ಒಂದು ಚಿಹ್ನೆಯನ್ನು ಎಳೆದು ಯಾವುದಾದರೂ ಗೊಂಬೆಯ ಮೇಲೆ ಬಿಟ್ಟರೆ ಆ ಗೊಂಬೆ ಬಣ್ಣ ತಳೆದು, ಕಣ್ಣು ಬಿಟ್ಟು, ತನ್ನ ಪಾಲಿಗೆ ಬಂದ ಸದ್ದನ್ನು ಮತ್ತೆ ಮತ್ತೆ ನುಡಿಯತೊಡಗುತ್ತದೆ. ಪಕ್ಕದ ಗೊಂಬೆಗೆ ಇನ್ನೊಂದು ಚಿಹ್ನೆ ಕೊಟ್ಟರೆ ಅದೂ ಜೊತೆಗೂಡುತ್ತದೆ. ಆಟದ ನಿಯಮ ಇಷ್ಟೇ. ಇದರಲ್ಲಿ ಗೆಲುವು ಸೋಲುಗಳಿಲ್ಲ, ಅಂಕಗಳಿಲ್ಲ, ಸಮಯದ ಮಿತಿಯೂ ಇಲ್ಲ. ಆದ್ದರಿಂದಲೇ ಮೊದಲ ಸಲ ಆಡುವವರು ಐದು ನಿಮಿಷದಲ್ಲಿ ಏಳೂ ಗೊಂಬೆಗಳಿಗೆ ಕೈಗೆ ಸಿಕ್ಕ ಚಿಹ್ನೆ ತೊಡಿಸಿ, ಗದ್ದಲ ಕೇಳಿ, ಇದರಲ್ಲಿ ಏನಿದೆ ಎಂದು ಮುಚ್ಚಿಬಿಡುತ್ತಾರೆ. ನಿಧಾನವಾಗಿ, ಒಂದೊಂದೇ ಸದ್ದಿಗೆ ಕಿವಿಗೊಟ್ಟು ಆಡಿದರೆ ಸಂಗೀತದ ಕಟ್ಟಡ ಹೇಗೆ ಏಳುತ್ತದೆ ಎಂಬುದನ್ನು ಇಷ್ಟು ಸುಲಭವಾಗಿ ತೋರಿಸುವ ಸಾಧನಗಳು ಕಡಿಮೆ ಎಂಬುದು ನನ್ನ ಅನುಭವ. ಹಾಗೆ ಆಡಲು ಬೇಕಾದ ತಯಾರಿಯನ್ನೂ ಕ್ರಮವನ್ನೂ ಇಲ್ಲಿ ವಿವರಿಸಿದ್ದೇನೆ.

ಈ ಆಟದ ಹುಟ್ಟನ್ನು ತಿಳಿದಿದ್ದರೆ ಯಾವ ಪುಟವನ್ನು ತೆರೆಯಬೇಕು ಎಂಬ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಮೂಲ ಆಟದ ಹೆಸರು ಇನ್‌ಕ್ರೆಡಿಬಾಕ್ಸ್. ಫ್ರಾನ್ಸಿನ ಸೋ ಫಾರ್ ಸೋ ಗುಡ್ ಎಂಬ ಚಿಕ್ಕ ಸ್ಟುಡಿಯೊ ಅದನ್ನು 2009ರಲ್ಲಿ ಹೊರತಂದಿತು. ಬಾಯಿಯಿಂದಲೇ ತಾಳವಾದ್ಯದ ಸದ್ದು ಹೊರಡಿಸುವ ಬೀಟ್‌ಬಾಕ್ಸ್ ಕಲೆ ಅದರ ತಳಹದಿ. ಕೊನ್ನಕ್ಕೋಲು ಕೇಳಿ ಬೆಳೆದವರಿಗೆ ಈ ಕಲ್ಪನೆ ಹೊಸದೇನಲ್ಲ. ಆಲ್ಫಾ, ಲಿಟಲ್ ಮಿಸ್, ಸನ್‌ರೈಸ್, ದಿ ಲವ್, ಬ್ರಝಿಲ್, ಅಲೈವ್ ಎಂದು ಒಂದರ ಹಿಂದೊಂದು ಆವೃತ್ತಿಗಳು ಬಂದವು, ಪ್ರತಿಯೊಂದಕ್ಕೂ ತನ್ನದೇ ಸಂಗೀತ ಶೈಲಿಯಿದೆ. ಏಳನೆಯ ಆವೃತ್ತಿಗೆ ‘ಜೀವನ್’ ಎಂದೇ ಹೆಸರು, ಅದಕ್ಕೆ ಹಿಂದಿ ಚಿತ್ರಸಂಗೀತ ಸ್ಫೂರ್ತಿ. ಹೀಗೆ ಬೆಳೆದ ಆಟಕ್ಕೆ ಅಭಿಮಾನಿಗಳು ತಮ್ಮದೇ ಗೊಂಬೆಗಳನ್ನು ಬಿಡಿಸಿ, ತಮ್ಮದೇ ಸದ್ದುಗಳನ್ನು ಜೋಡಿಸಿ ಮಾರ್ಪಾಡುಗಳನ್ನು ಮಾಡತೊಡಗಿದರು. ಇವುಗಳನ್ನೇ ‘ಮಾಡ್’ ಎನ್ನುತ್ತಾರೆ. 2024ರಲ್ಲಿ ಕೊಕ್ರಿಯಾ ಎಂಬ ತಾಣದಲ್ಲಿ ಕಾಣಿಸಿಕೊಂಡು ಮಕ್ಕಳ ನಡುವೆ ಬಹುಬೇಗ ಹರಡಿದ ಮಾಡ್ ಸ್ಪ್ರುಂಕಿ. ಅದನ್ನು ನೋಡಿ ಇತರ ಅಭಿಮಾನಿಗಳು ಮಾಡಿದ ಮಾರ್ಪಾಡಿನ ಮಾರ್ಪಾಡುಗಳು ಇಂದು ಲೆಕ್ಕಕ್ಕೆ ಸಿಗದಷ್ಟಿವೆ.

ಹೀಗಾಗಿ ಸ್ಪ್ರುಂಕಿ ಎಂದು ಹುಡುಕಿದರೆ ಸಿಗುವ ಪುಟಗಳೆಲ್ಲ ಒಂದೇ ಆಟವಲ್ಲ. ಎಷ್ಟೋ ಪುಟಗಳು ಆಟವನ್ನು ನಕಲಿಸಿ ತಂದು, ಅದರ ಸುತ್ತ ಜಾಹೀರಾತು ತುಂಬಿಸಿ ಇಟ್ಟಿರುತ್ತವೆ. ನಾನು ಮೊದಲ ಸಲ ತೆರೆದ ಪುಟದಲ್ಲಿ ಹಸಿರು ಬಣ್ಣದ ಎರಡು ದೊಡ್ಡ ಗುಂಡಿಗಳಿದ್ದವು, ಎರಡರ ಮೇಲೂ ‘ಆರಂಭಿಸಿ’ ಎಂಬ ಅರ್ಥದ ಮಾತೇ ಇತ್ತು. ಮೇಲಿನದನ್ನು ಒತ್ತಿದಾಗ ಆಟದ ಬದಲು ಯಾವುದೋ ಕಡತ ಇಳಿಯತೊಡಗಿತು. ಕೂಡಲೇ ನಿಲ್ಲಿಸಿ ಅಳಿಸಿಹಾಕಬೇಕಾಯಿತು. ನಿಜವಾದ ಗುಂಡಿ ಅದರ ಕೆಳಗೆ, ಆಟದ ಚೌಕಟ್ಟಿನ ಒಳಗೇ ಇತ್ತು. ಅಂದಿನಿಂದ ಕೆಲವು ನಿಯಮಗಳನ್ನು ಪಾಲಿಸುತ್ತಿದ್ದೇನೆ. ಬ್ರೌಸರಿನಲ್ಲಿ ಆಡುವ ಆಟಕ್ಕೆ ಏನನ್ನೂ ಇಳಿಸಿಕೊಳ್ಳುವ ಅಗತ್ಯವಿಲ್ಲ, ಆದ್ದರಿಂದ ಯಾವ ಪುಟ ಇಳಿಸಿಕೊಳ್ಳಿ ಎನ್ನುತ್ತದೋ ಅದನ್ನು ಅಲ್ಲಿಗೇ ಮುಚ್ಚಬೇಕು. ಸೂಚನೆಗಳನ್ನು (ನೋಟಿಫಿಕೇಶನ್) ಕಳಿಸಲು ಅನುಮತಿ ಕೇಳಿದರೆ ಕೊಡಬಾರದು. ಇಮೇಲ್, ಮೊಬೈಲ್ ಸಂಖ್ಯೆ, ವಯಸ್ಸು ಮುಂತಾದ ವಿವರ ಕೇಳುವ ಪುಟದಲ್ಲಿ ಆಡಲೇಬಾರದು. ಮಕ್ಕಳ ಕೈಗೆ ಕೊಡುವ ಮೊದಲು ದೊಡ್ಡವರು ಅದೇ ಪುಟವನ್ನು ತೆರೆದು ಹತ್ತು ನಿಮಿಷ ಆಡಿ ನೋಡಬೇಕು, ಆಮೇಲೆ ಅದೇ ಪುಟವನ್ನು ಬುಕ್‌ಮಾರ್ಕ್ ಮಾಡಿ ಕೊಡಬೇಕು. ಮಗು ಪ್ರತಿ ಸಲವೂ ಹೊಸದಾಗಿ ಹುಡುಕಿದರೆ ಪ್ರತಿ ಸಲವೂ ಬೇರೆ ಪುಟಕ್ಕೆ ಹೋಗಿ ಬೀಳುತ್ತದೆ.

ಮಾರ್ಪಾಡಿಗಿಂತ ಮೊದಲು ಮೂಲ ಆಟವನ್ನೇ ಸ್ವಲ್ಪ ನೋಡುವ ಆಸೆಯಿದ್ದರೆ ಇನ್‌ಕ್ರೆಡಿಬಾಕ್ಸ್‌ನ ಅಧಿಕೃತ ತಾಣಕ್ಕೆ ಹೋಗಬಹುದು. ಮೂಲವನ್ನು ಆಡಿದವರಿಗೆ ಅಭಿಮಾನಿಗಳು ಏನನ್ನು ಉಳಿಸಿಕೊಂಡರು, ಏನನ್ನು ಬದಲಿಸಿದರು ಎಂಬುದು ತಾನಾಗಿ ತಿಳಿಯುತ್ತದೆ.

ಕಂಪ್ಯೂಟರು, ಕಿವಿ, ಸದ್ದು

ದೊಡ್ಡ ಪರದೆಯಿದ್ದಷ್ಟೂ ಒಳ್ಳೆಯದು. ಮೊಬೈಲಿನಲ್ಲಿ 20 ಚಿಹ್ನೆಗಳು ಒತ್ತೊತ್ತಾಗಿ ಕುಳಿತು, ಬೆರಳು ಒಂದನ್ನು ಹಿಡಿಯಹೋಗಿ ಇನ್ನೊಂದನ್ನು ಎಳೆಯುತ್ತದೆ. ಅನಿವಾರ್ಯವಾದರೆ ಮೊಬೈಲನ್ನು ಅಡ್ಡವಾಗಿ ಹಿಡಿಯಿರಿ. ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡಿಗಿಂತ ಮೌಸ್ ಇದ್ದರೆ ಎಳೆಯುವುದು ಸಲೀಸು. ಆಟ ತೆರೆಯುವಾಗ ಎಲ್ಲ ಸದ್ದುಗಳೂ ಚಿತ್ರಗಳೂ ಒಟ್ಟಿಗೆ ಬಂದು ತುಂಬಿಕೊಳ್ಳಬೇಕಾಗಿರುವುದರಿಂದ ಇಂಟರ್ನೆಟ್ ನಿಧಾನವಾಗಿರುವ ಕಡೆ ಮೊದಲಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಿದರೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ, ಆದ್ದರಿಂದ ತಾಳ್ಮೆಯಿಂದ ಕಾಯುವುದೇ ಬೇಗ ಆಡುವ ದಾರಿ. ಬಳಸದ ಟ್ಯಾಬ್‌ಗಳನ್ನು ಮುಚ್ಚಿಡಿ.

ಪುಟ ತೆರೆದರೂ ಸದ್ದೇ ಬರುವುದಿಲ್ಲ ಎಂಬುದು ಹಲವರ ದೂರು. ಅದು ಆಟದ ದೋಷವಲ್ಲ. ಬಳಕೆದಾರರು ಪುಟದೊಳಗೆ ಒಮ್ಮೆಯಾದರೂ ಏನನ್ನಾದರೂ ಒತ್ತುವವರೆಗೆ ಸದ್ದನ್ನು ತಡೆದಿಡುವುದು ಇಂದಿನ ಬ್ರೌಸರ್‌ಗಳ ಪದ್ಧತಿ. ಆಟದ ಚೌಕಟ್ಟಿನ ಒಳಗೆ ಒಮ್ಮೆ ಒತ್ತಿ, ಟ್ಯಾಬಿನ ಮೇಲೆ ಸ್ಪೀಕರ್ ಚಿಹ್ನೆಗೆ ಅಡ್ಡಗೆರೆ ಬಿದ್ದಿದೆಯೇ ನೋಡಿ, ಆಮೇಲೆ ಕಂಪ್ಯೂಟರಿನ ಧ್ವನಿಮಟ್ಟವನ್ನು ಪರೀಕ್ಷಿಸಿ.

ಹೆಡ್‌ಫೋನ್ ವಿಷಯದಲ್ಲಿ ಮಾತ್ರ ನನ್ನದು ಖಚಿತವಾದ ಸಲಹೆ: ತಂತಿಯಿರುವುದನ್ನೇ ಬಳಸಿ. ಬ್ಲೂಟೂತ್‌ನಲ್ಲಿ ಸದ್ದು ಸಂಕುಚಿತಗೊಂಡು, ಗಾಳಿಯಲ್ಲಿ ಸಾಗಿ, ಮತ್ತೆ ಬಿಡಿಸಿಕೊಳ್ಳಬೇಕಾಗುವುದರಿಂದ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ತಡವಾಗುತ್ತದೆ. ಹಾಡು ಕೇಳುವಾಗ ಇದು ಗೊತ್ತಾಗುವುದಿಲ್ಲ. ಈ ಆಟದಲ್ಲಿ ಗೊತ್ತಾಗುತ್ತದೆ. ಮೈಸೂರಿನಲ್ಲಿ ತಂಗಿಯ ಮನೆಗೆ ಹೋದಾಗ ಅವಳ ಹತ್ತು ವರ್ಷದ ಮಗಳು ಬ್ಲೂಟೂತ್ ಸ್ಪೀಕರ್ ಹಚ್ಚಿಕೊಂಡು ಆಡುತ್ತಿದ್ದಳು. “ದೊಡ್ಡಮ್ಮ, ಬೊಂಬೆ ತಲೆ ಆಡ್ಸೋದು ಮೊದ್ಲು, ಡಬ್ ಅನ್ನೋದು ಆಮೇಲೆ, ಯಾಕೆ?” ಎಂದು ಕೇಳಿದಳು. ಕಣ್ಣಿಗೂ ಕಿವಿಗೂ ನಡುವಿನ ಆ ಚಿಕ್ಕ ಬಿರುಕನ್ನು ಮಗು ಕಂಡುಹಿಡಿದಿತ್ತು. ಸ್ಪೀಕರ್ ಬಿಟ್ಟು, ಅವರಪ್ಪನ ಹಳೆಯ ತಂತಿಯ ಇಯರ್‌ಫೋನ್ ಚುಚ್ಚಿದ ಕೂಡಲೇ ಎರಡೂ ಸೇರಿಕೊಂಡವು. ಇಯರ್‌ಫೋನ್ ಹಾಕಿಕೊಂಡವರು ಧ್ವನಿಯನ್ನು ಅರ್ಧಕ್ಕಿಂತ ಕೆಳಗೇ ಇಟ್ಟು ಆರಂಭಿಸಬೇಕು, ಏಕೆಂದರೆ ಒಂದು ಗೊಂಬೆ ಹಾಡುವಾಗ ಮೆಲ್ಲಗಿದ್ದ ಸದ್ದು ಏಳೂ ಸೇರಿದಾಗ ಬಹಳ ಜೋರಾಗುತ್ತದೆ. ವಾರಕ್ಕೆ 40 ಗಂಟೆ ಕೇಳುವ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ.

ನಾಲ್ಕು ಗುಂಪುಗಳು

20 ಚಿಹ್ನೆಗಳು ಐದೈದರಂತೆ ನಾಲ್ಕು ಗುಂಪುಗಳಾಗಿ ಕುಳಿತಿವೆ. ಮೊದಲನೆಯದು ಬೀಟ್, ಅಂದರೆ ತಾಳದ ಪೆಟ್ಟುಗಳು: ಕಿತ್ತಳೆ ಬಣ್ಣದ ಓರೆನ್, ಕೆಂಪು ರ‍್ಯಾಡಿ, ಕ್ಲಕರ್, ಫನ್ ಬಾಟ್ ಎಂಬ ಯಂತ್ರಮಾನವ, ಬಳ್ಳಿಯ ತಲೆಯ ವಿನೇರಿಯಾ. ಎರಡನೆಯದು ಎಫೆಕ್ಟ್, ಅಂದರೆ ರಾಗವೂ ಅಲ್ಲದ ಪೂರ್ತಿ ತಾಳವೂ ಅಲ್ಲದ, ನಡುನಡುವೆ ಬಂದು ಹೋಗುವ ಸದ್ದುಗಳು: ಗ್ರೇ, ತಲೆಯ ಮೇಲೆ ಬಕೆಟ್ ಹೊತ್ತ ಬ್ರಡ್, ಗಾರ್ನಾಲ್ಡ್, ಓವಾಕ್ಸ್, ಸ್ಕೈ. ಮೂರನೆಯದು ಮೆಲೊಡಿ, ಅಂದರೆ ರಾಗದ ಎಳೆಗಳು: ಮಿಸ್ಟರ್ ಸನ್, ನೇರಳೆ ಬಣ್ಣದ ಡರ್ಪಲ್, ಮಿಸ್ಟರ್ ಟ್ರೀ, ಹಳದಿ ಸೈಮನ್, ಟನ್ನರ್. ನಾಲ್ಕನೆಯದು ಧ್ವನಿ: ಮಿಸ್ಟರ್ ಫನ್ ಕಂಪ್ಯೂಟರ್, ಬಿಳಿಯ ವೆಂಡಾ, ಪಿಂಕಿ, ನೀಲಿ ನಿಲುವಂಗಿಯ ಜೆವಿನ್, ಮತ್ತು ಬ್ಲ್ಯಾಕ್. ಈ ಕೊನೆಯವನ ವಿಷಯ ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ಅವನ ಕಪ್ಪು ಟೋಪಿಯ ಚಿಹ್ನೆಯನ್ನು ಮುಟ್ಟದಿರುವುದು ಒಳಿತು.

ಇತರ ಮಾಡ್‌ಗಳಲ್ಲಿ ಹೆಸರುಗಳು ಬೇರೆ ಇರಬಹುದು, ಆದರೆ ತಾಳ, ಎಫೆಕ್ಟ್, ರಾಗ, ಧ್ವನಿ ಎಂಬ ಈ ವಿಂಗಡಣೆ ಮೂಲ ಆಟದಿಂದ ಬಂದದ್ದಾದ್ದರಿಂದ ಹೆಚ್ಚಿನವುಗಳಲ್ಲಿ ಉಳಿದುಕೊಂಡಿದೆ. ಗುಂಪನ್ನು ಗುರುತಿಸಲು ಕಲಿತರೆ ಯಾವ ಮಾಡ್ ತೆರೆದರೂ ದಾರಿ ತಪ್ಪುವುದಿಲ್ಲ.

ಮೊದಲ ಅರ್ಧ ಗಂಟೆಯನ್ನು ಮಿಶ್ರಣ ಮಾಡುವುದಕ್ಕಲ್ಲ, ಕೇಳುವುದಕ್ಕೇ ಕೊಡಿ. ಒಂದು ಚಿಹ್ನೆಯನ್ನು ಒಂದೇ ಗೊಂಬೆಗೆ ತೊಡಿಸಿ, ಅದು ನಾಲ್ಕು ಸುತ್ತು ನುಡಿಯುವುದನ್ನು ಕೇಳಿ, ತೆಗೆದು ಮುಂದಿನದನ್ನು ಹಾಕಿ. ತೆಗೆಯುವ ವಿಧಾನ ಮಾಡ್‌ನಿಂದ ಮಾಡ್‌ಗೆ ಬದಲಾಗುತ್ತದೆ: ಕೆಲವುದರಲ್ಲಿ ಗೊಂಬೆಯನ್ನು ಒತ್ತಿದರೆ ಸಾಕು, ಕೆಲವುದರಲ್ಲಿ ಹಿಡಿದು ಕೆಳಕ್ಕೆ ಎಳೆಯಬೇಕು, ಇನ್ನು ಕೆಲವುದರಲ್ಲಿ ಗೊಂಬೆಯ ಬಳಿ ಚಿಕ್ಕ ಗುಂಡಿಗಳು ಮೂಡುತ್ತವೆ. ಆ ಗುಂಡಿಗಳಲ್ಲಿ ಒಂದು ಆ ಗೊಂಬೆಯನ್ನಷ್ಟೇ ಸುಮ್ಮನಾಗಿಸುತ್ತದೆ, ಮತ್ತೊಂದು ಅದನ್ನು ಬಿಟ್ಟು ಉಳಿದವರನ್ನೆಲ್ಲ ಸುಮ್ಮನಾಗಿಸುತ್ತದೆ. ಈ ಎರಡನ್ನೂ ಮೊದಲೇ ಪತ್ತೆಹಚ್ಚಿಡಿ, ಮುಂದೆ ಇವುಗಳದೇ ಕೆಲಸ. ಕೇಳುತ್ತಾ ಹೋದಂತೆ ಒಂದು ಹಾಳೆಯಲ್ಲಿ ಪ್ರತಿ ಚಿಹ್ನೆಯ ಎದುರು ಅದರ ಸದ್ದಿಗೆ ನಿಮ್ಮದೇ ಮಾತು ಬರೆದುಕೊಳ್ಳಿ. ನನ್ನ ತಂಗಿಯ ಮಗಳ ಹಾಳೆಯಲ್ಲಿ ‘ಅಜ್ಜಿ ಒಗ್ಗರಣೆ’, ‘ಬಾಗಿಲ ಕಿರ್’, ‘ನಿದ್ದೆ ಬರೋದು’ ಎಂದೆಲ್ಲ ಇತ್ತು. ಆಟದ ಹೆಸರುಗಳಿಗಿಂತ ಆ ಹೆಸರುಗಳೇ ನನಗೂ ಬೇಗ ನೆನಪಿನಲ್ಲಿ ನಿಂತವು.

ಮೊದಲ ಮಿಶ್ರಣ

ಇಲ್ಲಿ ಒಂದು ವಿಷಯ ಗಮನಿಸಬೇಕು. ಮೊದಲ ಚಿಹ್ನೆ ಬೀಳುತ್ತಲೇ ನುಡಿಯಲು ಶುರುವಾಗುತ್ತದೆ, ಆದರೆ ಎರಡನೆಯದು ತೊಟ್ಟ ಗೊಂಬೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುವುದುಂಟು. ಆಟ ಕೆಟ್ಟಿತೆಂದು ಹಲವರು ಮತ್ತೆ ಮತ್ತೆ ಎಳೆಯುತ್ತಾರೆ. ವಾಸ್ತವದಲ್ಲಿ ಆ ಗೊಂಬೆ ಮುಂದಿನ ಸುತ್ತಿನ ಆರಂಭಕ್ಕೆ ಕಾಯುತ್ತಿರುತ್ತದೆ. ಆಟದ ಎಲ್ಲ ಸದ್ದುಗಳನ್ನೂ ಒಂದೇ ವೇಗಕ್ಕೆ, ಒಂದಕ್ಕೊಂದು ಹೊಂದುವ ಸ್ವರಗಳಿಗೆ, ಲೆಕ್ಕಕ್ಕೆ ಕೂಡುವ ಉದ್ದಕ್ಕೆ ಕತ್ತರಿಸಿ ಇಟ್ಟಿರುವುದರಿಂದಲೇ ಯಾವುದನ್ನು ಯಾವುದರ ಜೊತೆ ಸೇರಿಸಿದರೂ ಅಪಸ್ವರವಾಗುವುದಿಲ್ಲ. ಸುತ್ತಿನ ನಡುವೆ ನುಗ್ಗಲು ಬಿಟ್ಟರೆ ಆ ಲೆಕ್ಕವೆಲ್ಲ ಕೆಡುತ್ತದೆ. ಇದು ನಮ್ಮ ಆವರ್ತನದ ಕಲ್ಪನೆಯೇ. ತನಿ ಆವರ್ತನದಲ್ಲಿ ಘಟದವರು ಮೃದಂಗದವರ ಸುತ್ತು ಮುಗಿಯುವುದನ್ನು ಕಾದು ತಮ್ಮ ಎತ್ತುಗಡೆಯನ್ನು ಹಿಡಿಯುವಂತೆ ಇಲ್ಲಿ ಗೊಂಬೆ ಕಾಯುತ್ತದೆ.

ಆ ಸುತ್ತನ್ನು ಕೈಯಲ್ಲಿ ಹಿಡಿಯುವುದನ್ನು ಕಲಿತುಕೊಂಡರೆ ಆಟ ಬೇರೆಯದೇ ಆಗುತ್ತದೆ. ಓರೆನ್ ಒಬ್ಬನನ್ನೇ ನಿಲ್ಲಿಸಿ, ಅವನ ಪೆಟ್ಟಿಗೆ ಸರಿಯಾಗಿ ತೊಡೆಯ ಮೇಲೆ ಆದಿತಾಳ ಹಾಕಿ ನೋಡಿ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಹುಸಿ. ಇಂಥ ಸಂಗೀತ ಸಾಮಾನ್ಯವಾಗಿ ನಾಲ್ಕರ ಲೆಕ್ಕದಲ್ಲಿ ಸಾಗುವುದರಿಂದ ಎಂಟರ ಎಣಿಕೆ ಅದರ ಮೇಲೆ ಸಲೀಸಾಗಿ ಕೂರುತ್ತದೆ. ಎರಡು ಮೂರು ಸುತ್ತಿನಲ್ಲಿ ಸದ್ದು ಎಲ್ಲಿ ತಿರುಗಿ ಮೊದಲಿಗೆ ಬರುತ್ತದೆ ಎಂಬುದು ಕೈಗೇ ತಿಳಿಯುತ್ತದೆ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗಂತೂ ಇದು ಹೇಳಿಕೊಡದೆಯೇ ಬರುತ್ತದೆ.

ಈಗ ಜೋಡಣೆ. ತಾಳದ ಒಂದು ಗೊಂಬೆಯನ್ನು ಇಟ್ಟು ನಾಲ್ಕು ಸುತ್ತು ಬಿಡಿ. ಅದರ ಮೇಲೆ ರಾಗದ ಒಂದೇ ಎಳೆಯನ್ನು ಇಡಿ, ಮತ್ತೆ ನಾಲ್ಕು ಸುತ್ತು ಕಾಯಿರಿ. ಈ ಹಂತದಲ್ಲಿ ಕೈ ತುರಿಸುವುದು ಸಹಜ, ಆದರೂ ತಡೆದುಕೊಳ್ಳಿ. ಎರಡು ಸದ್ದುಗಳ ನಡುವೆ ಖಾಲಿ ಜಾಗ ಎಲ್ಲಿದೆ ಎಂಬುದು ಈಗ ಕೇಳಿಸತೊಡಗುತ್ತದೆ: ಪೆಟ್ಟು ಬೀಳದ ಕಡೆ, ರಾಗ ಉಸಿರೆಳೆದುಕೊಳ್ಳುವ ಕಡೆ. ಮೂರನೆಯದಾಗಿ ಆ ಖಾಲಿ ಜಾಗದಲ್ಲಿ ಬೀಳುವಂಥ ಸದ್ದನ್ನು ಆರಿಸಿ. ಅದು ಇನ್ನೊಂದು ತಾಳವೂ ಆಗಬಹುದು, ಎಫೆಕ್ಟೂ ಆಗಬಹುದು. ಆಮೇಲೆ ಒಂದು ಧ್ವನಿ. ನಾಲ್ಕಕ್ಕೆ ನಿಲ್ಲಿಸಿ ಎರಡು ನಿಮಿಷ ಕೇಳಿ. ಹೆಚ್ಚಿನ ಸಲ ಅದೇ ಸಾಕಾಗಿರುತ್ತದೆ. ಏಳು ಗೊಂಬೆಗಳಿವೆ ಎಂದ ಮಾತ್ರಕ್ಕೆ ಏಳನ್ನೂ ತುಂಬಬೇಕೆಂದಿಲ್ಲ. ಒಂದೇ ಎತ್ತರದಲ್ಲಿ, ಒಂದೇ ಬಗೆಯಲ್ಲಿ ನುಡಿಯುವ ಮೂರು ರಾಗಗಳನ್ನು ಒಟ್ಟಿಗೆ ಇಟ್ಟರೆ ಮೂರೂ ಕೇಳಿಸುವುದಿಲ್ಲ, ಮಂಜು ಕವಿದಂತೆ ಒಂದು ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತದೆ.

ಕೂಡಿಸುವುದಕ್ಕಿಂತ ಕಳೆಯುವುದರಲ್ಲೇ ನನಗೆ ಹೆಚ್ಚು ಸಂತೋಷ ಸಿಕ್ಕಿದೆ. ನಾಲ್ಕೈದು ಗೊಂಬೆಗಳು ಹಾಡುತ್ತಿರುವಾಗ ತಾಳವನ್ನು ಮಾತ್ರ ಸುಮ್ಮನಾಗಿಸಿ ನೋಡಿ. ಅಷ್ಟು ಹೊತ್ತು ಹಿಂದೆ ಅಡಗಿದ್ದ ಧ್ವನಿ ಒಮ್ಮೆಗೇ ಮುಂದೆ ಬಂದು ನಿಲ್ಲುತ್ತದೆ, ಕೋಣೆಯೇ ದೊಡ್ಡದಾದಂತೆ ಅನಿಸುತ್ತದೆ. ಎರಡು ಸುತ್ತು ಹಾಗೇ ಬಿಟ್ಟು, ಸುತ್ತಿನ ಮೊದಲ ಪೆಟ್ಟಿಗೆ ಸರಿಯಾಗಿ ತಾಳವನ್ನು ಮರಳಿ ತಂದರೆ ಕೇಳುವವರ ಕಾಲು ತಾನಾಗಿ ಅಲ್ಲಾಡುತ್ತದೆ. ಚಿತ್ರಗೀತೆಗಳಲ್ಲಿ ಚರಣ ಮುಗಿದು ಪಲ್ಲವಿಗೆ ಮರಳುವಾಗ ವಾದ್ಯಗಳು ಒಂದು ಕ್ಷಣ ನಿಂತು ಬರುವುದನ್ನು ನೆನಪಿಸಿಕೊಂಡರೆ ಇದರ ಗುಟ್ಟು ತಿಳಿಯುತ್ತದೆ. ಹೀಗೆ ತಾಳದಿಂದ ಆರಂಭಿಸಿ, ಬೆಳೆಸಿ, ನಡುವೆ ತೆರವು ಮಾಡಿ, ಮರಳಿ ತುಂಬಿ, ಕೊನೆಗೆ ಒಂದೊಂದನ್ನೇ ತೆಗೆದು ಒಂದೇ ಧ್ವನಿಯಲ್ಲಿ ಮುಗಿಸಿದರೆ ಎರಡು ನಿಮಿಷದ ಪೂರ್ಣ ರಚನೆಯೊಂದು ನಿಮ್ಮದಾಗುತ್ತದೆ.

ಬೇರೆ ಟ್ಯಾಬಿಗೆ ಹೋಗಿ ಮರಳಿದಾಗ ಕೆಲವು ಮಾಡ್‌ಗಳಲ್ಲಿ ಲಯ ಜಾರಬಹುದು. ಎಲ್ಲ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ.

ಕಪ್ಪು ಟೋಪಿ

ಬ್ಲ್ಯಾಕ್‌ನ ಟೋಪಿಯನ್ನು ಗೊಂಬೆಯೊಂದಕ್ಕೆ ತೊಡಿಸಿದರೆ ಸ್ಪ್ರುಂಕಿಯ ರೂಪವೇ ಬದಲಾಗುತ್ತದೆ. ಹಿನ್ನೆಲೆ ಕತ್ತಲಾಗಿ, ಗೊಂಬೆಗಳು ಗಾಯಗೊಂಡ, ವಿಕಾರವಾದ ಆಕೃತಿಗಳಾಗಿ, ಸದ್ದುಗಳು ಒಡಕಾಗಿ ಭಯ ಹುಟ್ಟಿಸುತ್ತವೆ. ಇದು ಆಟದ ಉದ್ದೇಶಪೂರ್ವಕವಾದ ಇನ್ನೊಂದು ಮುಖ, ಹದಿಹರೆಯದ ಹಲವರಿಗೆ ಇದೇ ಮುಖ್ಯ ಆಕರ್ಷಣೆ. ಅವರ ಅಭಿರುಚಿಯನ್ನು ತಪ್ಪೆನ್ನಲಾರೆ, ಏಕೆಂದರೆ ಅದೇ ತಾಳ, ಅದೇ ರಾಗ ಕೆಲವೇ ಬದಲಾವಣೆಗಳಿಂದ ಹೇಗೆ ಭಯಾನಕ ರಸಕ್ಕೆ ತಿರುಗುತ್ತದೆ ಎಂಬುದನ್ನು ಗಮನವಿಟ್ಟು ಕೇಳಿದರೆ ಕಲಿಯುವುದಿದೆ. ಆದರೆ ಹೊರಗಿನ ಬಣ್ಣಬಣ್ಣದ ಗೊಂಬೆಗಳನ್ನು ನೋಡಿ ಇದು ಶಿಶುವಿಹಾರದ ಮಕ್ಕಳ ಆಟವೆಂದು ತಿಳಿದು ಐದು ವರ್ಷದ ಮಗುವಿನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರೆ, ಮಗು 20 ಚಿಹ್ನೆಗಳನ್ನೂ ಒಂದೊಂದಾಗಿ ಎಳೆಯುವಾಗ ಕಪ್ಪು ಟೋಪಿಯ ಸರದಿಯೂ ಬಂದೇ ಬರುತ್ತದೆ. ಚಿಕ್ಕ ಮಕ್ಕಳಿಗೆ ಆ ಮುಖವನ್ನು ಬಿಟ್ಟು ಮಾಡಿದ ಮಾರ್ಪಾಡುಗಳನ್ನು ದೊಡ್ಡವರು ಮೊದಲೇ ಆಡಿ ಪರೀಕ್ಷಿಸಿ ಕೊಡಬೇಕು, ಇಲ್ಲವೇ ಮೂಲ ಇನ್‌ಕ್ರೆಡಿಬಾಕ್ಸ್‌ನ ಆರಂಭದ ಆವೃತ್ತಿಗಳನ್ನು ಕೊಡಬೇಕು. ಇತರ ಅಭಿಮಾನಿಗಳು ಮುಂದುವರಿಸಿದ ಕಂತುಗಳಲ್ಲಿ ಭಯದ ಪಾಲು ಇನ್ನೂ ಹೆಚ್ಚಿರಬಹುದಾದ್ದರಿಂದ ಹೆಸರನ್ನು ನಂಬಿ ತೆರೆಯಬೇಡಿ.

ಉಳಿಸಿಕೊಳ್ಳುವುದು, ನಮ್ಮದೇ ಸದ್ದು ಸೇರಿಸುವುದು

ಮೂಲ ಆಟದಲ್ಲಿ ರಚನೆಯನ್ನು ದಾಖಲಿಸಿ ಇತರರಿಗೆ ಕಳಿಸುವ ಸೌಲಭ್ಯವಿದೆ. ಅಭಿಮಾನಿಗಳ ಮಾಡ್‌ಗಳಲ್ಲಿ ಅದು ಇಲ್ಲದಿದ್ದರೆ ಕಂಪ್ಯೂಟರಿನ ಸ್ಕ್ರೀನ್ ರೆಕಾರ್ಡಿಂಗ್ ಬಳಸಬಹುದು, ಆದರೆ ಮೈಕ್ ಮುಚ್ಚಿ, ಕಂಪ್ಯೂಟರಿನ ಒಳಗಿನ ಸದ್ದನ್ನೇ ದಾಖಲಿಸುವಂತೆ ಆಯ್ಕೆ ಮಾಡಬೇಕು. ಇಲ್ಲದಿದ್ದರೆ ಫ್ಯಾನಿನ ಸದ್ದೂ ಬೀದಿಯ ಹಾರನ್ನೂ ಜೊತೆಗೆ ಸೇರುತ್ತವೆ. ಯಾವ ಗೊಂಬೆ ಯಾವ ಸುತ್ತಿನಲ್ಲಿ ಬಂತು, ಯಾವಾಗ ಹೋಯಿತು ಎಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅದೇ ರಚನೆಯನ್ನು ನಾಳೆ ಮತ್ತೆ ನುಡಿಸಬಹುದು.

ಇಷ್ಟು ಕೈಗೆ ಬಂದವರಿಗೆ ಸ್ವಂತ ಮಾಡ್ ಮಾಡುವ ಆಸೆ ಹುಟ್ಟಿಯೇ ತೀರುತ್ತದೆ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಸ್ಕ್ರ್ಯಾಚ್ ಅದಕ್ಕೆ ಸೂಕ್ತ. ಅದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2007ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಸದ್ದನ್ನು ಸಿದ್ಧಪಡಿಸುವ ಲೆಕ್ಕ ಹೀಗೆ: ನಿಮಿಷಕ್ಕೆ 120 ಪೆಟ್ಟುಗಳ ವೇಗ ಇಟ್ಟುಕೊಂಡರೆ ಒಂದು ಪೆಟ್ಟಿಗೆ ಅರ್ಧ ಸೆಕೆಂಡ್, 16 ಪೆಟ್ಟುಗಳ ಸುತ್ತಿಗೆ ಸರಿಯಾಗಿ 8 ಸೆಕೆಂಡ್. ನಿಮ್ಮ ಪ್ರತಿಯೊಂದು ಸದ್ದಿನ ಕಡತವೂ ಕರಾರುವಾಕ್ಕಾಗಿ 8 ಸೆಕೆಂಡ್ ಇರಬೇಕು, ಕೂದಲೆಳೆಯಷ್ಟು ಹೆಚ್ಚಾದರೂ ಹತ್ತನೆಯ ಸುತ್ತಿಗೆ ಎಲ್ಲವೂ ಚದುರುತ್ತದೆ. ಕಡತವನ್ನು ಎಂಪಿ3 ಬದಲು ವೇವ್ (WAV) ರೂಪದಲ್ಲಿ ಉಳಿಸಿ, ಏಕೆಂದರೆ ಎಂಪಿ3 ಮಾಡುವಾಗ ತುದಿಗಳಲ್ಲಿ ಚಿಕ್ಕ ಮೌನ ಸೇರಿಕೊಂಡು ಸುತ್ತು ತಿರುಗುವ ಕಡೆ ಎಡವಿದಂತೆ ಕೇಳುತ್ತದೆ. ನಾನೂ ತಂಗಿಯ ಮಗಳೂ ಮೊದಲು ದಾಖಲಿಸಿದ್ದು ಮೊಬೈಲಿನಲ್ಲಿ, ಕುಟ್ಟಾಣಿಯಲ್ಲಿ ಏಲಕ್ಕಿ ಕುಟ್ಟುವ ಸದ್ದನ್ನು. ಹುಡುಗಿ ಇಯರ್‌ಫೋನ್ ಕಿವಿಗಿಟ್ಟು ವೇಗ ಕೇಳುತ್ತಾ ಕೈಯೆತ್ತಿ ಸನ್ನೆ ಮಾಡಿದಳು, ಅವಳ ಅಜ್ಜಿ, ಅಂದರೆ ನಮ್ಮಮ್ಮ, ಆ ಸನ್ನೆಗೆ ಸರಿಯಾಗಿ ಹದಿನಾರು ಸಲ ಕುಟ್ಟಿದರು. ಹನ್ನೊಂದನೆಯ ಪೆಟ್ಟು ಸ್ವಲ್ಪ ತಡವಾಗಿ ಬಿದ್ದಿದೆ. ಅದನ್ನು ಕತ್ತರಿಸಿ ಸರಿಪಡಿಸೋಣವೆಂದರೆ ಹುಡುಗಿ ಒಪ್ಪಲಿಲ್ಲ, ಈಗಲೂ ಅದು ಹಾಗೇ ನುಡಿಯುತ್ತಿದೆ. ಸ್ವಂತ ಮಾಡನ್ನು ಇತರರಿಗೆ ತೋರಿಸುವಾಗ ಮೂಲ ಆಟದ ಹೆಸರನ್ನೂ, ಯಾರ ಚಿತ್ರ ಅಥವಾ ಸದ್ದನ್ನು ಬಳಸಿದ್ದೀರೋ ಅವರ ಹೆಸರನ್ನೂ ಮೊದಲ ಪರದೆಯಲ್ಲೇ ಬರೆಯಿರಿ, ಮತ್ತು ಅದನ್ನು ಹಣಕ್ಕೆ ಮಾರಬೇಡಿ.